ಮಜೀದ್ ಸಾಬರ ಕೆಂಪು ನೆಲ

ವಿಜಯದಶಮಿಯ ದಿನ ನಮ್ಮ ಮನೆಯ ಕಾರ್ ಶೆಡ್ಡಿನಲ್ಲಿ ಪ್ರೇಮಕ್ಕನ ಶಿಶುವಿಹಾರದ ಪ್ರಾರಂಭೋತ್ಸವ ಮುಗಿದು ಎಲ್ಲರೂ ಎದ್ದು ನಿಂತಾಗ, ಮಜೀದ್ ಸಾಬರ ಬಿಳಿ ಪೈಜಾಮದ ಹಿಂಭಾಗದಲ್ಲಿ ಎರಡು ಹುಣ್ಣಿಮೆ ಚಂದ್ರರು ಕೆಂಪಗೆ ಮೂಡಿದ್ದರು. ಅವರಿಗೆ ಅದು ಗೊತ್ತಾಗಲಿಲ್ಲ. ಕಂಡ ನಮಗೆ ಹೇಳಲು ಬಾಯಿ ಬರಲಿಲ್ಲ. ಅರವತ್ತರ ಹತ್ತಿರದ ಹಿರಿಯರಿಗೆ, ಅದೂ ಊರಿಗೆಲ್ಲ ಕೆಂಪು ನೆಲ ಹಾಕಿಕೊಟ್ಟ ಗಾರೆ ಮೇಸ್ತ್ರಿಗೆ, ನಿಮ್ಮ ಹಿಂದೆ ನೆಲ ಅಂಟಿಕೊಂಡಿದೆ ಎಂದು ಯಾವ ಮುಖ ಇಟ್ಟುಕೊಂಡು ಹೇಳುವುದು. ಸಾಬರು ನಾವು ಕೊಟ್ಟ ಸಿಹಿ ಅವಲಕ್ಕಿ ತಿಂದು, ‘ಒಳ್ಳೇದಾಗ್ಲಿ ಪ್ರೇಮಮ್ಮ’ ಎಂದು ಹರಸಿ, ಎನ್.ಆರ್.ಪುರದ ಪೇಟೆಬೀದಿಯ ನಟ್ಟನಡುವೆ, ಹಬ್ಬದ ಜನರ ಮಧ್ಯೆ, ಯಾವತ್ತಿನ ಗಾಂಭೀರ್ಯದಲ್ಲೇ ನಡೆದುಕೊಂಡು ಹೋದರು.

ಜವಳಿ ಅಂಗಡಿಯ ರೇಣುಕಪ್ಪನವರು ಗದ್ದಿಗೆಯಿಂದಲೇ ಕೂಗಿದರು. ‘ಸಾಬ್ರೇ, ನೀವು ಹಾಕಿದ ನೆಲ ನಿಮ್ಮನ್ನ ಬಿಡ್ಲೇ ಇಲ್ವಲ್ಲ ಮಾರಾಯ್ರೇ. ಜೊತೇಲೇ ಬಂದಿದೆ.’

ಸಾಬರು ಕತ್ತು ತಿರುಗಿಸಿದರು. ತನ್ನ ಬೆನ್ನು ತನಗೆ ಕಾಣುವುದಿಲ್ಲ ಎಂಬ ಗಾದೆ ಬೆನ್ನಿಗಿಂತ ಕೆಳಗೂ ಅನ್ವಯಿಸುತ್ತದೆ. ರೇಣುಕಪ್ಪನವರು ಅವರನ್ನು ಒಳಗೆ ಕರೆದು, ಗಿರಾಕಿಗಳಿಗೆಂದು ಇಟ್ಟಿದ್ದ ನಿಲುಗನ್ನಡಿಯ ಮುಂದೆ ಹಿಂದುಮುಂದಾಗಿ ನಿಲ್ಲಿಸಿ ತೋರಿಸಿದರು. ಸಾಬರು ಬಹಳ ಹೊತ್ತು ನೋಡಿದರಂತೆ. ‘ಇದು ನನ್ನ ನೆಲ ಅಲ್ಲ’ ಎಂದಷ್ಟೇ ಹೇಳಿದರಂತೆ. ಅದನ್ನು ಯಾರೂ ನಂಬಲಿಲ್ಲ. ಊರಿನಲ್ಲಿ ಕೆಂಪು ನೆಲ ಎಂದರೆ ಮಜೀದ್ ಸಾಬರು, ಮಜೀದ್ ಸಾಬರು ಎಂದರೆ ಕೆಂಪು ನೆಲ.

ಬಣ್ಣ ಬಳಿದುಕೊಂಡವರು ಅವರೊಬ್ಬರೇ ಅಲ್ಲ. ಸೇರಿದ್ದ ಹದಿನಾರು ಮಕ್ಕಳ ಹೊಸ ಚಡ್ಡಿ, ಹೊಸ ಲಂಗಗಳೂ ಕೆಂಪಾಗಿದ್ದವು. ಅಧ್ಯಕ್ಷರು ಮಾತ್ರ ಕುರ್ಚಿಯಲ್ಲಿ ಕೂತಿದ್ದರಿಂದ ಬಚಾವಾದರು. ದೊಡ್ಡವರು ಕುರ್ಚಿಗಾಗಿ ಯಾಕೆ ಅಷ್ಟು ಹೊಡೆದಾಡುತ್ತಾರೆ ಎಂಬುದು ನನಗೆ ಅವತ್ತು ತಿಳಿಯಿತು.

ಇದು ಎಪ್ಪತ್ತೆಂಟನೇ ಇಸವಿಯ ಮಾತು. ಆ ನೆಲ ನಿಜಕ್ಕೂ ಸಾಬರದ್ದಲ್ಲ. ನಮ್ಮ ತಂದೆ ಸೋಮಶೇಖರಪ್ಪನವರ ಬಳಿ ಒಂದು ಹಳೆಯ ಕಾರಿತ್ತು. ಹದಿನೆಂಟು ವರ್ಷದಲ್ಲಿ ಅದು ರಸ್ತೆಯಲ್ಲಿ ಓಡಿದ್ದಕ್ಕಿಂತ ಶೆಡ್ಡಿನಲ್ಲಿ ನಿಂತು ಎಣ್ಣೆ ತೊಟ್ಟಿಕ್ಕಿದ್ದೇ ಹೆಚ್ಚು. ಅಪ್ಪ ಅದನ್ನು ಮಾರಿದ ವರ್ಷವೇ ಪ್ರೇಮಕ್ಕನಿಗೆ ಮೇಡಂ ಆಗುವ ಯೋಗ ಬಂದು, ಬಂದ ಹಾಗೇ ಹೋಯಿತು. ಸಿಕ್ಕಿದ ಶಾಲೆಗೆ ಎರಡು ಬಸ್ಸು ಬದಲಾಯಿಸಿ, ಆಮೇಲೆ ಮೂರು ಮೈಲಿ ನಡೆಯಬೇಕಿತ್ತು. ಪೋಲಿಯೋದಿಂದ ಬಲಗಾಲು ಸೋತು, ಊರುಗೋಲು ಹಿಡಿದು ನಡೆಯುವ ಅಕ್ಕನಿಗೆ ಅದು ಆಗುವ ಮಾತಾಗಿರಲಿಲ್ಲ. ಅವಳು ಒಂದು ವಾರ ಯಾರೊಂದಿಗೂ ಮಾತಾಡಲಿಲ್ಲ. ಎಂಟನೇ ದಿನ ಖಾಲಿ ಶೆಡ್ಡಿನ ಬಾಗಿಲಲ್ಲಿ ನಿಂತು, ‘ಅಪ್ಪಾಜಿ, ಶಾಲೆಗೆ ನಾನು ಹೋಗಕ್ಕಾಗಲ್ಲ. ಶಾಲೇನೇ ಇಲ್ಲಿಗೆ ಬರ್ಲಿ’ ಎಂದಳು.

ಶೆಡ್ಡಿನ ಸಿಮೆಂಟು ನೆಲ ಎಣ್ಣೆ ಕುಡಿದು ಕರ್ರಗಾಗಿತ್ತು, ನಡುವೆ ಉದ್ದಕ್ಕೆ ಸೀಳಿತ್ತು. ಆಗ ಮಜೀದ್ ಸಾಬರು ಶೃಂಗೇರಿಯಲ್ಲಿ ಒಂದು ವಸತಿಗೃಹಕ್ಕೆ ನೆಲ ಹಾಕಲು ಹೋಗಿ ಎರಡು ತಿಂಗಳಾಗಿತ್ತು. ಕಾಯುವ ತಾಳ್ಮೆ ಅಪ್ಪನಿಗೆ ಇರಲಿಲ್ಲ. ಎಲ್ಲಿಂದಲೋ ಬಂದ ಒಬ್ಬ ಮೇಸ್ತ್ರಿ ‘ಎರಡೇ ದಿನ ಸಾರ್’ ಎಂದ. ಅಪ್ಪ ಹೂಂ ಎಂದರು. ಅವನು ಎರಡು ದಿನದಲ್ಲಿ ನೆಲ ಮುಗಿಸಿದ. ಹದಿನೈದು ದಿನದಲ್ಲಿ ನೆಲವೇ ಮುಗಿಯಿತು.

ವಿಜಯದಶಮಿಯ ಮಾರನೆಯ ದಿನ ಹನ್ನೊಂದು ತಾಯಂದಿರು ಬಂದು, ‘ನೆಲ ಸರಿಯಾಗ್ಲಿ ಅಕ್ಕಾ, ಆಮೇಲೆ ಕಳಿಸ್ತೀವಿ’ ಎಂದು ಹೇಳಿ ಹೋದರು. ಇಲಾಖೆಯ ಸಾಹೇಬರು ಅನುಮತಿ ಕೊಡಲು ಜಾಗ ನೋಡಲಿಕ್ಕೆ ಬರುವ ದಿನ ಮೊದಲೇ ಗೊತ್ತಾಗಿತ್ತು, ಮಕ್ಕಳ ದಿನಾಚರಣೆಯ ಹಿಂದಿನ ಸೋಮವಾರ. ‘ಮಕ್ಕಳು ಕೂರಲು ಯೋಗ್ಯವಾದ ನೆಲ’ ಎಂದು ಅವರ ಕಾಗದದಲ್ಲೇ ಬರೆದಿತ್ತು. ಅವತ್ತು ಆಗಲಿಲ್ಲವೆಂದರೆ ಮುಂದಿನ ಜೂನ್. ಜೂನಿನ ತನಕ ಆ ಹದಿನಾರು ಮಕ್ಕಳು ಪ್ರೇಮಕ್ಕನಿಗಾಗಿ ಅಂಗಳದಲ್ಲಿ ಸಾಲಾಗಿ ಕೂತಿರುವುದಿಲ್ಲ. ಸಿಮೆಂಟಿನ ಸಮಸ್ಯೆ ಬೇರೆ. ಆಗ ಸಿಮೆಂಟು ಪರ್ಮಿಟ್ಟಿನ ಮೇಲೆ ಸಿಗುತ್ತಿತ್ತು. ತಾಲ್ಲೂಕು ಕಚೇರಿಗೆ ಅಲೆದು ಅಪ್ಪ ತಂದಿದ್ದು ಎರಡು ಚೀಲ. ಒಂದನ್ನು ಎರಡು ದಿನದ ಮೇಸ್ತ್ರಿ ಮಣ್ಣುಪಾಲು ಮಾಡಿದ್ದ. ಉಳಿದ ಒಂದು ಚೀಲ ತೇವ ತಾಗದಂತೆ ಅಟ್ಟದ ಹಲಗೆಯ ಮೇಲೆ ಮನೆದೇವರ ಹಾಗೆ ಕೂತಿತ್ತು.

ಅವತ್ತೇ ಬೆಳಗ್ಗೆ ಮಜೀದ್ ಸಾಬರು ಸಾಮಾನಿನ ಚೀಲ ಹೆಗಲಿಗೆ ಹಾಕಿಕೊಂಡು ಬಂದರು.

‘ಯಜಮಾನ್ರೇ, ಆ ಶೆಡ್ಡಿನ ಬೀಗ ತೆಗೀರಿ.’

ಅಪ್ಪ ನೆಲ ನೋಡಿದರು. ‘ತಪ್ಪಾಯ್ತು ಸಾಬ್ರೇ. ನೀವು ಶೃಂಗೇರೀಲಿದ್ರಿ. ಇಲ್ಲಿ ಅರ್ಜೆಂಟಿತ್ತು. ಅದಕ್ಕೆ ಬೇರೆಯವನ್ನ...’

‘ಅದೆಲ್ಲ ಬೇಡ. ನಿಮ್ಮ ತಪ್ಪಿಗೆ ನನ್ನ ಪೈಜಾಮ ಪೇಟೆ ತುಂಬ ಸಾಕ್ಷಿ ಹೇಳಿ ಆಗಿದೆ. ಬೀಗ ತೆಗೀರಿ.’

ಒಳಗೆ ಬಂದವರು ಒಂದು ಚೊಂಬು ನೀರು ಕೇಳಿದರು. ಕುಡಿಯಲಿಕ್ಕೆಂದು ಅಮ್ಮ ಬೆಲ್ಲದ ಚೂರನ್ನೂ ಇಟ್ಟುಕೊಟ್ಟರು. ಸಾಬರು ಬೆಲ್ಲ ಬಾಯಿಗೆ ಹಾಕಿಕೊಂಡು ನೀರನ್ನು ನೆಲಕ್ಕೆ ಸುರಿದರು. ನೀರು ಒಂದು ಕಡೆ ಹರಡಿತು, ಇನ್ನೊಂದು ಕಡೆ ಕೆಸುವಿನ ಎಲೆಯ ಮೇಲೆ ಬಿದ್ದ ಹಾಗೆ ಮುತ್ತು ಮುತ್ತಾಗಿ ಓಡಿತು. ಆಮೇಲೆ ಮಂಡಿಯೂರಿ, ಗಾರೆ ಮೆತ್ತುವ ಕರಣೆಯ ಹಿಡಿಯಿಂದ ಅಂಗುಲ ಅಂಗುಲ ಬಡಿಯುತ್ತ, ಕಿವಿಗೊಟ್ಟು ಕೇಳುತ್ತ ಶೆಡ್ಡಿನ ಉದ್ದಗಲಕ್ಕೂ ಹೋದರು. ಹಲಸಿನಹಣ್ಣು ಬಡಿದು ನೋಡುವವರ ಹಾಗೆ. ಕೆಲವು ಕಡೆ ಗಟ್ಟಿ ಸದ್ದು, ಕೆಲವು ಕಡೆ ಡಬ್ ಡಬ್ ಎಂಬ ಟೊಳ್ಳು ಸದ್ದು. ಟೊಳ್ಳು ಕಂಡಲ್ಲೆಲ್ಲ ಸೀಮೆಸುಣ್ಣದಲ್ಲಿ ಒಂದು ಸೊನ್ನೆ ಬರೆದರು. ಮುಗಿಯುವಷ್ಟರಲ್ಲಿ ನಮ್ಮ ನೆಲಕ್ಕೆ ಲೆಕ್ಕದಲ್ಲಿ ನನಗೆ ಬರುತ್ತಿದ್ದಷ್ಟೇ ಅಂಕ ಬಂದಿತ್ತು.

‘ಎಂತ ಆಗಿದೆ ಸಾಬ್ರೇ ಅದಕ್ಕೆ?’ ಅಮ್ಮ ಬಾಗಿಲಿನಿಂದ ಕೇಳಿದರು. ನಮ್ಮಮ್ಮ ದಾಕ್ಷಾಯಣಮ್ಮನವರಿಗೆ ಕಾಯಿಲೆಯವರ ಬಗ್ಗೆ ಕಾಳಜಿ ಹೆಚ್ಚು.

‘ಹೊಟ್ಟೇಲಿ ಎಣ್ಣೆ ಇದೆ ಅಮ್ಮ. ಬೆನ್ನು ಸೀಳಿದೆ. ಆ ಪುಣ್ಯಾತ್ಮ ಇದ್ಯಾವ್ದೂ ನೋಡ್ದೆ ನೀರು ನೀರಾಗಿ ಕಲಸಿ ಸುರಿದಿದಾನೆ. ಮೇಲೆ ಹಾಲಿನ ಕೆನೆ ಕಟ್ಟಿದ ಹಾಗೆ ಕಟ್ಟಿದೆ, ಅಷ್ಟೆ. ಕೆಳಗಿನ ನೆಲಾನ ಕಚ್ಚೇ ಇಲ್ಲ.’

ಜಗತ್ತಿನ ಬೇರೆಲ್ಲ ವ್ಯವಹಾರದಲ್ಲಿ ನೆಲ ಕಚ್ಚಿದರೆ ಸೋತ ಹಾಗೆ. ಗಾರೆ ಕೆಲಸವೊಂದರಲ್ಲಿ ಮಾತ್ರ ನೆಲ ಕಚ್ಚದಿದ್ದರೆ ಸೋತ ಹಾಗೆ.

‘ಇನ್ನೊಂದು ಕೈ ಬಣ್ಣ ಬಳಿದ್ರೆ ಆಗಲ್ವಾ?’ ಅಪ್ಪ ಕೇಳಿದರು.

‘ಸ್ನಾನ ಮಾಡ್ದೆ ಪೌಡ್ರು ಬಳ್ಕೊಂಡ್ರೆ ಆಗ್ತದಾ ಯಜಮಾನ್ರೇ?’

‘ಸಾಹೇಬ್ರು ಬರೋ ಸೋಮವಾರದೊಳಗೆ ಆಗುತ್ತಾ?’ ಎಂದಳು ಪ್ರೇಮಕ್ಕ. ಅವಳ ದನಿ ಸಣ್ಣದಾಗಿತ್ತು.

ಸಾಬರು ಬೆರಳು ಮಡಚಿದರು. ಕೀಳುವುದಕ್ಕೆ ಇಷ್ಟು, ತೊಳೆಯುವುದಕ್ಕೆ ಇಷ್ಟು, ತೇಪೆಗೆ ಇಷ್ಟು, ದೀಪಾವಳಿ ಹೊತ್ತಿಗೆ ಕೆಂಪು ಹಾಕಿದರೆ ನೀರು ಕುಡಿಸುವುದಕ್ಕೆ ಏಳು ದಿನ. ‘ಆಗ್ತದೆ ಪ್ರೇಮಮ್ಮ. ಆದ್ರೆ ಇರೋದು ಒಂದು ಚೀಲ. ಇದೂ ಎದ್ದು ಬಂದ್ರೆ ನನ್ನ ಹತ್ರ ಮತ್ತೆ ಮದ್ದಿಲ್ಲ.’

ಅಬ್ದುಲ್ ಮಜೀದರು ಹುಟ್ಟಿದ್ದು ಮುತ್ತಿನಕೊಪ್ಪದಲ್ಲಿ. ಸೋದರಮಾವನ ಹಿಂದೆ ಗಾರೆ ಕಲಸುತ್ತ ಬಾಳೆಹೊನ್ನೂರು, ಕೊಪ್ಪ, ಶೃಂಗೇರಿ ಸುತ್ತಿದವರು. ಆ ಕಾಲದಲ್ಲಿ ಸುಣ್ಣದ ಗಾರೆ. ಸಿಮೆಂಟು ಬಂದಾಗ ಮಾವ, ‘ಇದು ಬೇಗ ಗಟ್ಟಿಯಾಗೋ ಜಾತಿ, ನಮಗಾಗಲ್ಲ’ ಎಂದು ಕರಣೆ ಕೆಳಗಿಟ್ಟರಂತೆ. ಮಜೀದರು ಕೈಗೆತ್ತಿಕೊಂಡರು. ಅವರು ಯಾರ ಮನೆಗೆ ಹೋದರೂ ಮೊದಲು ತಲೆ ತಗ್ಗಿಸುತ್ತಿದ್ದರು. ವಿನಯವೆಂದು ಜನ ತಿಳಿಯುತ್ತಿದ್ದರು. ಅವರು ನೆಲ ನೋಡುತ್ತಿದ್ದರು. ಕೊಪ್ಪದಿಂದ ಯಾರಾದರೂ ಬಂದರೆ, ‘ಡಾಕ್ಟ್ರ ಮನೆ ಪಡಸಾಲೆ ಹೇಗಿದೆ?’ ಎಂದು ವಿಚಾರಿಸುವರು. ಡಾಕ್ಟರು ಹೇಗಿದ್ದಾರೆ ಎಂದು ಆಮೇಲೆ ನೆನಪಾದರೆ ಕೇಳುವರು. ನಮಾಜಿನ ಗುರುತು ಹಣೆಯಲ್ಲಿತ್ತು, ಕಸುಬಿನ ಗುರುತು ಎರಡೂ ಮಂಡಿಯಲ್ಲಿ ಒಣಗಿದ ಗೇರುಬೀಜದಂತೆ ಗಟ್ಟಿಯಾಗಿ ಕೂತಿತ್ತು. ನಾನು ಓದಿದ ಕಾನ್ವೆಂಟಿನಲ್ಲಿ ಮಂಡಿಯೂರುವುದೆಂದರೆ ಒಂದೋ ಪ್ರಾರ್ಥನೆ, ಇಲ್ಲವೇ ಶಿಕ್ಷೆ. ಅದು ಹೊಟ್ಟೆಪಾಡೂ ಹೌದೆಂದು ಸಿಸ್ಟರ್‌ಗಳು ನಮಗೆ ಹೇಳಿಕೊಟ್ಟಿರಲಿಲ್ಲ.

ಎರಡು ದಿನದ ಮೇಸ್ತ್ರಿಯ ಕೆಂಪನ್ನೆಲ್ಲ ಕೀಳಲು ಸಾಬರಿಗೆ ನಾಲ್ಕು ದಿನ ಹಿಡಿಯಿತು. ಉಳಿ, ಸುತ್ತಿಗೆ, ಉಳಿ, ಸುತ್ತಿಗೆ. ಬೆಳಗ್ಗೆ ಕಾಫಿಗೆ ಮೊದಲು ಶುರುವಾದರೆ ಸಂಜೆ ದೀಪ ಹಚ್ಚುವವರೆಗೂ ಅದೇ ಸದ್ದು. ಕೆಳಗಿನ ಹಳೆಯ ನೆಲ ಕಂಡ ಮೇಲೆ ಅದಕ್ಕೂ ಪೆಟ್ಟು. ಹೊಸ ಗಾರೆ ಹಿಡಿಯಲೆಂದು ನುಣುಪಾಗಿದ್ದ ಜಾಗಕ್ಕೆಲ್ಲ ಸಿಡುಬಿನ ಕಲೆಯ ಹಾಗೆ ಕಚ್ಚು ಹಾಕಿದರು. ಎಂಜಿನ್ನಿನ ಕೆಳಗಿದ್ದ ಜಾಗ, ಸುಮಾರು ಒಂದು ಮೊರದಗಲ, ಎಣ್ಣೆಯಿಂದ ಸತ್ತೇ ಹೋಗಿತ್ತು. ಅದನ್ನು ಮೂರು ಬೆರಳಿನ ಆಳಕ್ಕೆ ಅಗೆದು ಹೊರಗೆಸೆದರು. ಉಳಿದ ಕಪ್ಪು ಕಲೆಗೆ ಸಾಮಿಲ್ಲಿನಿಂದ ತಂದ ಮರದ ಹೊಟ್ಟು ಸುರಿದು, ಅದು ಎಣ್ಣೆ ಹೀರಿಕೊಂಡ ಮೇಲೆ ಗುಡಿಸಿ, ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ ತೆಂಗಿನ ನಾರಿನಲ್ಲಿ ಉಜ್ಜಿದರು. ಮತ್ತೆ ಹೊಟ್ಟು, ಮತ್ತೆ ಸೋಡಾ.

ಸೀಳಿದ ಬಿರುಕಿಗೆ ಬಂದಾಗ ಅಪ್ಪನಿಗೆ ತಡೆಯಲಾಗಲಿಲ್ಲ. ಸಾಬರು ಉಳಿ ಇಟ್ಟು ಬಿರುಕನ್ನು ಇನ್ನಷ್ಟು ಅಗಲ ಮಾಡುತ್ತಿದ್ದರು.

‘ಸಾಬ್ರೇ, ಮುಚ್ಚಿ ಅಂತ ಕರೆದ್ರೆ ತೆರೀತಿದೀರಲ್ಲ.’

‘ಮುಚ್ಚೋಕೆ ಮೊದ್ಲು ತೆರೀಲೇಬೇಕು ಯಜಮಾನ್ರೇ. ಮೇಲಿಂದ ಮೆತ್ತಿದ್ರೆ ಒಳಗಡೆ ಹಾಗೇ ಇರ್ತದೆ. ಅಣ್ಣತಮ್ಮಂದಿರ ಜಗಳ ರಾಜಿ ಮಾಡಿದ ಹಾಗೆ.’

ಅಪ್ಪನಿಗೂ ಚಿಕ್ಕಪ್ಪನಿಗೂ ಮಾತು ನಿಂತು ಆರು ವರ್ಷವಾಗಿತ್ತು. ಅಪ್ಪ ಕೆಮ್ಮಿ ಒಳಗೆ ಹೋದರು.

ಸಾಬರ ಹೆಂಡತಿ ಗುಲ್ಜಾರ್ ಬೇಗಂ ಒಂದು ಮಧ್ಯಾಹ್ನ ಬುತ್ತಿ ತಂದವರು ಅಮ್ಮನ ಹತ್ತಿರ ದೂರಿದರು. ‘ಇವ್ರನ್ನ ನಿಮ್ಮ ಶೆಡ್ಡಿಗೇ ದತ್ತು ಕೊಟ್ಟಿದೀನಿ ಅಂತ ತಿಳ್ಕೊಳ್ಳಿ ಅಮ್ಮ. ಕಾರು ಹೋದ್ಮೇಲೆ ಜಾಗ ಖಾಲಿ ಇತ್ತಲ್ಲ.’

‘ಕಾರಿನಷ್ಟು ಎಣ್ಣೆ ಕುಡಿಯಲ್ಲ ನಾನು’ ಎಂದರು ಸಾಬರು, ತಲೆಯೆತ್ತದೆ.

‘ಹೌದು. ಸದ್ದು ಮಾತ್ರ ಅಷ್ಟೇ ಮಾಡ್ತಾರೆ.’

ಚೀಲದ ಸಿಮೆಂಟಿನಲ್ಲಿ ಕಾಲು ಭಾಗವನ್ನು ಮಾತ್ರ ತೆಗೆದು, ತೆಂಗಿನ ಚಿಪ್ಪಿನಲ್ಲಿ ಅಳೆದು, ಜರಡಿ ಹಿಡಿದ ಹೊಳೆಮರಳಿಗೆ ಬೆರೆಸಿ ಹೊಂಡಗಳನ್ನೂ ಬಿರುಕನ್ನೂ ತುಂಬಿದರು. ಒದ್ದೆ ಗೋಣಿತಾಟು ಹೊದಿಸಿ ದಿನಕ್ಕೆ ಮೂರು ಹೊತ್ತು ನೀರು ಕುಡಿಸಿದರು. ದೀಪಾವಳಿ ಬರುವ ಹೊತ್ತಿಗೆ ನೆಲ ಸಿದ್ಧವಾಗಿತ್ತು. ನೋಡಲಿಕ್ಕೆ ಅದು ಯುದ್ಧ ಮುಗಿಸಿ ಬಂದ ಸೈನಿಕನ ಹಾಗಿತ್ತು, ಮೈತುಂಬ ಗಾಯ, ಮೈತುಂಬ ತೇಪೆ. ಆದರೆ ಚೊಂಬು ನೀರು ಸುರಿದರೆ ಇಡೀ ನೆಲ ಸುಯ್ ಎಂದು ಒಂದೇ ಸಮ ಹೀರಿಕೊಳ್ಳುತ್ತಿತ್ತು. ‘ಈಗ ಬಾಯಾರಿದೆ’ ಎಂದರು ಸಾಬರು. ಅವರ ಮುಖದಲ್ಲಿ ಮೊದಲ ಸಲ ಸಮಾಧಾನ ಕಂಡಿತು. ‘ಹೀಗೇ ಬಿಡಿ. ನರಕ ಚತುರ್ದಶಿ ದಿನ ಬಂದು ಪೂರ್ತಿ ನೆನೆಸಿ ಹೋಗ್ತೀನಿ. ಮಾರನೇ ದಿನ ಕೆಂಪು.’

ನರಕ ಚತುರ್ದಶಿ ಎಂದರೆ ನಮ್ಮ ಕಡೆ ಎಣ್ಣೆಸ್ನಾನ. ಹಿಂದಿನ ಸಂಜೆಯೇ ಹಂಡೆ ತೊಳೆದು ನೀರು ತುಂಬಿಸಿದ್ದಾಯಿತು. ಬೆಳಗ್ಗೆ ಅಮ್ಮ ಬಿಸಿ ಎಣ್ಣೆಯ ಬಟ್ಟಲು ಹಿಡಿದು ಮನೆಮಂದಿಯನ್ನೆಲ್ಲ ಸಾಲಾಗಿ ಕೂರಿಸಿ ನೆತ್ತಿಗೆ ಬಡಿದರು. ಅಪ್ಪನಿಗೆ, ಪ್ರೇಮಕ್ಕನಿಗೆ, ನನಗೆ. ಬಾಗಿಲ ಹೊಸಿಲಿಗೆ ಒಂದಿಷ್ಟು, ಒರಳಿಗೆ ಒಂದಿಷ್ಟು. ಆಮೇಲೆ ನಾವು ಸ್ನಾನಕ್ಕೆ ಸರದಿ ಕಾಯುತ್ತಿದ್ದಾಗ ಅಮ್ಮ ಎಲ್ಲೋ ಕಾಣದಾದರು. ಯಾರೂ ಗಮನಿಸಲಿಲ್ಲ.

ಎಂಟು ಗಂಟೆಗೆ ಸಾಬರು ಬಂದು ಶೆಡ್ಡಿನ ಬಾಗಿಲು ತೆರೆದರು. ಕೊಡದಿಂದ ನೀರು ಸುರಿದರು. ನೀರು ಮುತ್ತು ಮುತ್ತಾಗಿ ಓಡಿ ಬಂದು ಅವರ ಕಾಲ ಬಳಿ ನಿಂತಿತು.

ನಾವೆಲ್ಲ ಹೋಗುವಾಗ ಅವರು ಕೊಡ ಹಿಡಿದು ಹಾಗೇ ನಿಂತಿದ್ದರು. ನೆಲದ ಮುಕ್ಕಾಲು ಭಾಗ ಮಿರಿಮಿರಿ ಮಿನುಗುತ್ತಿತ್ತು. ಕೊಬ್ಬರಿ ಎಣ್ಣೆಯ ಪರಿಮಳ.

‘ಯಾರು?’ ಅಷ್ಟೇ ಕೇಳಿದರು.

ಅಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಮುಂದೆ ಬಂದರು. ‘ನಾನೇ ಸಾಬ್ರೇ. ಹತ್ತು ದಿನದಿಂದ ಸುತ್ತಿಗೇಲಿ ಅಷ್ಟು ಪೆಟ್ಟು ತಿಂದಿದೆ ಪಾಪ. ಹಬ್ಬದ ದಿನ ಮನೇಲಿ ಎಲ್ಲರಿಗೂ ಹಚ್ಚಿ ಅದೊಂದನ್ನ ಬಿಡೋದು ಹೇಗೆ ಅಂತ... ಒಳಮನೆ ನೆಲಕ್ಕೆ ನೀವೇ ಹೇಳಿದ್ರಲ್ಲ, ಎಣ್ಣೆ ಹಾಕಿ ಒರೆಸಿ, ಹೊಳಪು ಬರ್ತದೆ ಅಂತ.’

‘ಅದು ಕೆಂಪು ಆದ್ಮೇಲೆ ಅಮ್ಮ.’

‘ಮೊದ್ಲೇ ಹಾಕಿದ್ರೆ ಇನ್ನೂ ಒಳ್ಳೇದು ಅಂದ್ಕೊಂಡೆ.’

ಪ್ರೇಮಕ್ಕ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು, ನೆತ್ತಿಯ ಎಣ್ಣೆ ಹಣೆಗಿಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಅಪ್ಪ ಅಮ್ಮನ ಕಡೆ ತಿರುಗಿ ಏನೋ ಹೇಳಲು ಬಾಯಿ ತೆರೆದರು. ಮೂವತ್ತೈದು ವರ್ಷದ ಸಂಸಾರದಲ್ಲಿ ಕೂಡಿಟ್ಟಿದ್ದೆಲ್ಲ ಆ ಬಾಯಿಯ ಹಿಂದೆ ನಿಂತಿರುವುದು ಕಾಣುತ್ತಿತ್ತು. ಸಾಬರು ಕೈಯೆತ್ತಿ ತಡೆದರು. ಕೊಡವನ್ನು ಕೆಳಗಿಟ್ಟು ಕುಕ್ಕರಗಾಲಲ್ಲಿ ಕೂತು, ಬೆರಳಿನಿಂದ ನೆಲ ಮುಟ್ಟಿ ಮೂಸಿ ನೋಡಿದರು.

‘ಎಷ್ಟು ಹೊತ್ತಾಯ್ತು ಹಚ್ಚಿ?’

‘ಒಂದು ಗಂಟೆ ಆಗಿರ್ಬೋದು.’

‘ಇನ್ನೂ ಒಳಗಿಳಿದಿಲ್ಲ. ಬೆಚ್ಚಗಿದೆ. ಒಳ್ಳೇ ಎಣ್ಣೆ ಅಮ್ಮ, ಕಲಬೆರಕೆ ಇಲ್ಲ’ ಎಂದು ಎದ್ದರು. ‘ಹಂಡೇಲಿ ಬಿಸಿನೀರು ಎಷ್ಟಿದೆ?’

‘ತುಂಬಾ ಇದೆ. ಇವತ್ತು ನೀರಿಗೇನು ಬರ.’

‘ಸೀಗೆಪುಡಿ?’

‘ಅದೂ ಇದೆ.’

‘ತನ್ನಿ ಹಾಗಾದ್ರೆ. ಎಣ್ಣೆ ಹಚ್ಚಿ ಆಯ್ತಲ್ಲ, ಇನ್ನು ತಲೆಸ್ನಾನ ಮಾಡಿಸ್ದೆ ಬಿಡೋಕಾಗ್ತದಾ.’

ಅವತ್ತು ನಮ್ಮ ಮನೆಯಲ್ಲಿ ಮನುಷ್ಯರಿಗೆ ಸ್ನಾನವಾದದ್ದು ಮಧ್ಯಾಹ್ನದ ಮೇಲೆ. ಹಂಡೆಯ ಮೊದಲ ನೀರು ನೆಲಕ್ಕೆ ಹೋಯಿತು. ಸಾಬರು ಮೊದಲು ಮರದ ಹೊಟ್ಟು ಚೆಲ್ಲಿ ಮೇಲಿನ ಎಣ್ಣೆಯನ್ನೆಲ್ಲ ಎತ್ತಿದರು. ಆಮೇಲೆ ಕುದಿಯುವ ನೀರು, ಸೀಗೆಪುಡಿ, ಸೋಡಾ. ಅಪ್ಪ ಎಣ್ಣೆ ತಲೆಯಲ್ಲೇ ಕೊಡ ಹೊತ್ತರು. ಅಮ್ಮ ಸೀರೆ ಎತ್ತಿ ಕಟ್ಟಿ, ಐವತ್ತರ ಸೊಂಟವನ್ನು ಬಗ್ಗಿಸಿ, ನಾರು ಹಿಡಿದು ಕೂತರು. ಸಾಬರು ಎಷ್ಟು ಬೇಡವೆಂದರೂ ಏಳಲಿಲ್ಲ. ಪ್ರೇಮಕ್ಕ ಗೋಡೆಗೊರಗಿ ಕೂತು ತನ್ನ ಕೈಗೆ ಎಟುಕುವಷ್ಟು ನೆಲವನ್ನು ತಾನು ತಿಕ್ಕಿದಳು. ಹಬ್ಬಕ್ಕೆ ಶುಭಾಶಯ ಹೇಳಲು ಬಂದ ರೇಣುಕಪ್ಪನವರು ಬಾಗಿಲಲ್ಲಿ ನಿಂತು, ಒಂದು ನೆಲಕ್ಕೆ ನಾಲ್ಕು ಜನ ಸೀಗೆಪುಡಿ ಹಚ್ಚುವುದನ್ನು ಕಣ್ಣುಬಿಟ್ಟು ನೋಡಿ, ಏನೂ ಕೇಳದೆ ವಾಪಸಾದರು.

‘ನನ್ನಿಂದ ಹೀಗಾಯ್ತಲ್ಲ ಸಾಬ್ರೇ’ ಎಂದರು ಅಮ್ಮ, ಒಂದು ಹೊತ್ತಿನಲ್ಲಿ. ತಿಕ್ಕುತ್ತಲೇ ಇದ್ದರು. ‘ಬೈದುಬಿಡಿ ಒಂದ್ಸಲ.’

‘ಎಂತಕ್ಕೆ ಬೈಯೋದು ಅಮ್ಮ. ನಲವತ್ತು ವರ್ಷದಿಂದ ನೆಲ ಹಾಕ್ತಾ ಇದೀನಿ. ಅದಕ್ಕೆ ನೋವಾಗ್ತದೆ ಅಂತ ಅಂದೋರು ನೀವೊಬ್ರೇ.’

ಆಮೇಲೆ ಬಹಳ ವರ್ಷ, ಸಾಬರು ಮನೆಗೆ ಬಂದಾಗಲೆಲ್ಲ, ಅವರಿಗೆ ಕೊಡುವ ಕಾಫಿಗೆ ಅಮ್ಮ ಕೆನೆಹಾಲನ್ನೇ ಹಾಕುತ್ತಿದ್ದರು. ನಮಗದು ಸಿಗುತ್ತಿರಲಿಲ್ಲ.

ಹಬ್ಬದ ಉಳಿದೆರಡು ದಿನವೂ ಸಾಬರು ಬಂದರು. ಇಟ್ಟಿಗೆ ಚೂರಿನಿಂದ ಉಜ್ಜಿ, ಜಿನುಗಿದ ಕಡೆ ಮತ್ತೆ ಉಳಿ ಹಿಡಿದು ಕಚ್ಚು ಹಾಕಿ, ತೊಳೆದು, ಒಣಗಿಸಿ, ಚೊಂಬು ನೀರು ಸುರಿದು ನೋಡುವರು. ಬಲಿಪಾಡ್ಯಮಿಯ ಸಂಜೆ ನೆಲ ನೀರನ್ನು ಕುಡಿಯಿತು. ಎಲ್ಲ ಮೂಲೆಯಲ್ಲೂ ಕುಡಿಯಿತು. ಪ್ರೇಮಕ್ಕ ತಾನೇ ಚೊಂಬು ಹಿಡಿದು ಹನ್ನೆರಡು ಕಡೆ ಸುರಿಸಿ ನೋಡಿದಳು. ಹನ್ನೆರಡು ಸಲವೂ ಸುಯ್ ಎಂದಿತು. ಅದಕ್ಕಿಂತ ಒಳ್ಳೆಯ ಸದ್ದನ್ನು ಆ ವರ್ಷದ ದೀಪಾವಳಿಯಲ್ಲಿ ಯಾವ ಪಟಾಕಿಯೂ ಮಾಡಲಿಲ್ಲ.

ಕೆಂಪು ಹಾಕುವ ದಿನ ಸಾಬರು ನಮ್ಮನ್ನೆಲ್ಲ ಹೊರಗೆ ಕಳಿಸಿದರು. ಶಿವಮೊಗ್ಗದಿಂದ ತರಿಸಿದ ಕೆಂಪು ಪುಡಿಯನ್ನು ಸಿಮೆಂಟಿನ ಜೊತೆ ಒಣದಾಗಿ ಬೆರೆಸಿ, ತೆಳು ಬಟ್ಟೆಯಲ್ಲಿ ಮೂರು ಸಲ ಸೋಸಿಟ್ಟಿದ್ದರು. ನೆನೆದ ನೆಲಕ್ಕೆ ಸಿಮೆಂಟಿನ ನೀರು ಎರಚಿ, ಅದು ಆರುವ ಮೊದಲೇ ಮಟ್ಟಗೋಲು ಎಳೆದು ಗಾರೆ ಹರಡಿ, ಅದರ ಮೇಲೆ ಕೆಂಪು. ಒಳಗಿನಿಂದ ಕರಣೆಯ ಸದ್ದು ಮಾತ್ರ ಕೇಳುತ್ತಿತ್ತು, ಮೊದಲು ಕರಕರ, ಆಮೇಲೆ ಸರಸರ, ಮಧ್ಯಾಹ್ನದ ಮೇಲೆ ಯಾರೋ ರೇಷ್ಮೆ ಸೀರೆ ಮಡಚುತ್ತಿರುವ ಹಾಗೆ. ಊಟ ಬಾಗಿಲ ಹೊರಗೇ ತಣ್ಣಗಾಯಿತು. ಸಂಜೆ ಹಿಂದುಹಿಂದಕ್ಕೆ ತೆವಳಿಕೊಂಡು ಬಾಗಿಲಿಗೆ ಬಂದು, ಗೋಣಿತಾಟು ಹೊದಿಸಿ, ಬೀಗ ಹಾಕಿ, ಬೀಗದಕೈಯನ್ನು ತಮ್ಮ ಜೇಬಿಗೇ ಹಾಕಿಕೊಂಡರು.

‘ನೀರು ಹಾಕೋಕೆ ನಾನೇ ಬರ್ತೀನಿ. ಏಳು ದಿನ ಯಾರೂ ನೋಡ್ಬಾರ್ದು’ ಎಂದು ಹೇಳಿ, ಅಮ್ಮನ ಕಡೆ ತಿರುಗಿ, ‘ಎಷ್ಟೇ ಪಾಪ ಅನ್ನಿಸಿದ್ರೂ’ ಎಂದು ಸೇರಿಸಿದರು.

ಸೋಮವಾರ ಸಾಹೇಬರು ಬಂದರು. ಬಿಳಿ ಪ್ಯಾಂಟು, ಬಿಳಿ ಷರ್ಟು. ದೇವರು ಕೆಲವು ಸಲ ಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನು ತಾನೇ ತಯಾರಿಸುತ್ತಾನೆ. ಹನ್ನೊಂದು ತಾಯಂದಿರೂ ಮಕ್ಕಳ ಕೈಹಿಡಿದು ಅಂಗಳದಲ್ಲಿ ನಿಂತಿದ್ದರು. ಬೀಗ ತೆಗೆದಾಗ ಶೆಡ್ಡಿನೊಳಗೆ ಒಂದು ಕೆಂಪು ಕೊಳವಿದ್ದ ಹಾಗಿತ್ತು. ಕಿಟಕಿ, ಕರಿಹಲಗೆ, ಬಾಗಿಲಲ್ಲಿ ನಿಂತ ನಮ್ಮ ಕಾಲುಗಳು, ಎಲ್ಲ ಅದರಲ್ಲಿ ಕಾಣುತ್ತಿದ್ದವು. ಅಪ್ಪ ಗಡಿಬಿಡಿಯಿಂದ ಕುರ್ಚಿ ತಂದರು.

‘ಕುರ್ಚಿ ಬೇಡ’ ಎಂದರು ಮಜೀದ್ ಸಾಬರು, ಬಾಗಿಲ ಹೊರಗಿನಿಂದ. ‘ಸಾಹೇಬ್ರು ನೆಲದ ಮೇಲೆ ಕೂರ್ಲಿ. ಮಕ್ಕಳು ಕೂರೋದು ಅಲ್ಲೇ ಅಲ್ವಾ.’

ಸಾಹೇಬರು ಒಳ್ಳೆಯವರು. ನಕ್ಕು, ಚಪ್ಪಲಿ ಬಿಟ್ಟು, ನಡುನೆಲದಲ್ಲಿ ಪದ್ಮಾಸನ ಹಾಕಿದರು. ಪ್ರೇಮಕ್ಕ ಮಕ್ಕಳನ್ನು ಸುತ್ತ ಕೂರಿಸಿ ಒಂದು ಪದ್ಯ ಹೇಳಿಸಿದಳು, ಹತ್ತರವರೆಗೆ ಎಣಿಸಿದಳು. ಕಾಲು ಗಂಟೆಯಾಯಿತು. ‘ಚೆನ್ನಾಗಿದೆ ಕಣಮ್ಮ’ ಎಂದು ಸಾಹೇಬರು ಎದ್ದು, ಕಿಟಕಿ ನೋಡಲೆಂದು ನಮಗೆ ಬೆನ್ನು ಹಾಕಿ ನಿಂತರು. ಆ ಗಳಿಗೆಯಲ್ಲಿ ಅಪ್ಪ, ಅಮ್ಮ, ನಾನು, ಹನ್ನೊಂದು ತಾಯಂದಿರು, ಏನಾಗುವುದೋ ಎಂದು ಬಂದಿದ್ದ ರೇಣುಕಪ್ಪನವರು, ಎಲ್ಲರೂ ಒಂದೇ ಕಡೆ ನೋಡಿದೆವು. ಒಬ್ಬ ಸರ್ಕಾರಿ ಅಧಿಕಾರಿಯ ಹಿಂಭಾಗವನ್ನು ನಮ್ಮ ಊರು ಅಷ್ಟು ಭಕ್ತಿಯಿಂದ ಯಾವತ್ತೂ ನೋಡಿರಲಿಲ್ಲ.

ಹಾಲಿನಷ್ಟು ಬೆಳ್ಳಗಿತ್ತು.

ಸಾಹೇಬರು ಕಾಗದಕ್ಕೆ ಅಲ್ಲೇ ಸಹಿ ಹಾಕಿದರು. ತಾಯಂದಿರು ಒಳಗೆ ಬಂದು ಸೆರಗಿನ ತುದಿಯಿಂದ ನೆಲ ಒರೆಸಿ ನೋಡಿ, ಸೆರಗು ತಿರುಗಿಸಿ ನೋಡಿ, ನಾಳೆಯಿಂದ ಕಳಿಸುತ್ತೇವೆಂದು ಹೇಳಿ ಹೋದರು. ರೇಣುಕಪ್ಪನವರು ಸಾಬರ ಹತ್ತಿರ ಹೋಗಿ, ‘ಇದು ನಿಮ್ದೇ ಬಿಡಿ ಮಾರಾಯ್ರೇ’ ಎಂದರು. ಅವರಿಂದ ಅದಕ್ಕಿಂತ ದೊಡ್ಡ ಕ್ಷಮಾಪಣೆ ಯಾರಿಗೂ ಸಿಕ್ಕಿರಲಿಲ್ಲ.

ಇದಾಗಿ ಈಗ ಹದಿಮೂರು ವರ್ಷ. ಅಕ್ಕನ ಬಳಿ ಅಕ್ಷರ ಕಲಿತ ಮಕ್ಕಳು ಹೈಸ್ಕೂಲಿಗೆ ಹೋಗಿದ್ದಾರೆ. ಒಬ್ಬಳು ಕೊಪ್ಪದಲ್ಲಿ ಕಾಲೇಜು ಓದುತ್ತಿದ್ದಾಳೆ. ನೆಲ ಒಂದು ಕಡೆಯೂ ಎದ್ದಿಲ್ಲ. ಅಕ್ಕನಿಗೆ ಆ ಶೆಡ್ಡು ಏನೇನು ಕೊಟ್ಟಿತು ಎಂದು ಹೇಳಹೊರಟರೆ ನನ್ನ ತಮಾಷೆಯ ಮಾತು ಕೈಕೊಡುತ್ತದೆ. ಅವಳು ಬೆಳಗ್ಗೆ ಒಂಬತ್ತಕ್ಕೆ ಊರುಗೋಲು ಕುಟ್ಟುತ್ತ ಅಂಗಳ ದಾಟುವಾಗಿನ ಅವಸರವನ್ನು ನೋಡಿದವರಿಗೆ ಹೇಳುವ ಅಗತ್ಯವೂ ಇಲ್ಲ.

ಆದರೆ ಅವಳು ಆ ನೆಲದ ಇನ್ನೊಂದು ಗುಟ್ಟನ್ನು ಕಂಡುಹಿಡಿದದ್ದು ಶಾಲೆ ಶುರುವಾದ ಮೊದಲ ದಿನ. ಅಷ್ಟು ನುಣುಪಾದ ನೆಲದ ಮೇಲೆ ಕೋಲು ಜಾರೀತೆಂದು ಅವಳು ಹೆದರಿ ಹೆದರಿ ಬಾಗಿಲಿನಿಂದ ಕರಿಹಲಗೆಗೆ ಗೋಡೆ ಹಿಡಿದು ನಡೆದಳು. ಕೋಲು ಜಾರಲಿಲ್ಲ. ವಾಪಸು ಬಂದಳು. ಜಾರಲಿಲ್ಲ. ಬಗ್ಗಿ ನೋಡಿದಳು. ಗೋಡೆಯ ಪಕ್ಕ, ಎರಡಡಿ ಅಗಲಕ್ಕೆ, ಬಾಗಿಲಿನಿಂದ ಕರಿಹಲಗೆಯವರೆಗೆ, ಅಲ್ಲಿಂದ ತಿರುಗಿ ಅವಳ ಮೇಜಿನವರೆಗೆ, ನೆಲಕ್ಕೆ ಹೊಳಪಿರಲಿಲ್ಲ. ಗೋಣಿತಾಟಿನ ನೇಯ್ಗೆ ಹಾಗೇ ಅಚ್ಚೊತ್ತಿ, ಕೈಯಾಡಿಸಿದರೆ ಸಣ್ಣಗೆ ತರಿತರಿಯಾಗಿತ್ತು. ಬೇರೆಲ್ಲೂ ಹಾಗಿರಲಿಲ್ಲ.

ಅವತ್ತು ಮಧ್ಯಾಹ್ನ ಸಾಬರು ತಮ್ಮ ಹಲಗೆ, ಮಟ್ಟಗೋಲು ಒಯ್ಯಲು ಬಂದಾಗ ಪ್ರೇಮಕ್ಕ ಅವರನ್ನು ಕಾಯುತ್ತಿದ್ದಳು. ಮಕ್ಕಳು ಹೋಗಿದ್ದರು. ಅವಳ ಕಣ್ಣು ತುಂಬಿತ್ತು.

‘ಸಾಬ್ರೇ, ಗೋಡೆ ಪಕ್ಕ ಈ ದಾರಿ ನನ್ನ ಕೋಲಿಗೋಸ್ಕರ ಮಾಡಿದ್ದಲ್ವಾ?’

ಸಾಬರು ಹಲಗೆ ಹೆಗಲಿಗೇರಿಸಿ, ಆ ಪಟ್ಟಿಯನ್ನು ಹಿಂದೆಂದೂ ನೋಡಿಲ್ಲವೆಂಬಂತೆ ನೋಡಿದರು.

‘ಎಲ್ಲೀ ದಾರಿ ಪ್ರೇಮಮ್ಮ. ಸಂಜೆ ಆಗಿತ್ತು, ಅಷ್ಟು ತಿಕ್ಕೋಕೆ ಬೇಜಾರಾಯ್ತು, ಗೋಣಿ ಎಸೆದು ಮನೆಗೆ ಹೋದೆ. ಯಾರಿಗೂ ತೋರಿಸ್ಬೇಡಿ.’